ಅಡಿಕೆ ಅಂಗಳಕ್ಕೆ ಎಂಥ ದೂರದರ್ಶಕ?

ಪ್ರಶ್ನೆ: ನಮ್ಮ ಮನೆ ಶಿರಸಿಯಿಂದ ಯಲ್ಲಾಪುರದ ಕಡೆಗೆ ಹೋಗುವ ದಾರಿಯಲ್ಲಿ, ತೋಟದ ಪಕ್ಕದಲ್ಲಿದೆ. ಎಂಟನೇ ತರಗತಿಯ ಮಗಳಿಗೆ ಆಕಾಶದ ಹುಚ್ಚು. ಹುಟ್ಟುಹಬ್ಬಕ್ಕೆ ದೂರದರ್ಶಕ ಕೊಡಿಸೋಣವೆಂದು ಹುಡುಕಿದಾಗ ಒಂದು ಕಣ್ಣಿಗೆ ಬಿತ್ತು. 60 ಮಿಲಿಮೀಟರ್ ಮಸೂರ, 700 ಮಿಲಿಮೀಟರ್ ಸಂಗಮ ದೂರ. ಡಬ್ಬಿಯ ಮೇಲೆ ‘525 ಪಟ್ಟು’ ಎಂದು ದೊಡ್ಡ ಅಕ್ಷರದಲ್ಲಿದೆ. ತೆಗೆದುಕೊಳ್ಳಬಹುದೇ?
– ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಬೇಡ. ಆ 525 ಎಲ್ಲಿಂದ ಬಂತೆಂದು ಮೊದಲು ಲೆಕ್ಕ ಹಾಕೋಣ, ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ದೂರದರ್ಶಕದ ಸಂಗಮ ದೂರವನ್ನು, ಅಂದರೆ ಮಸೂರದಿಂದ ಬೆಳಕು ಒಂದೆಡೆ ಕೂಡುವ ಜಾಗದವರೆಗಿನ ದೂರವನ್ನು, ನಾವು ಕಣ್ಣಿಡುವ ಐಪೀಸಿನ ಸಂಗಮ ದೂರದಿಂದ ಭಾಗಿಸಿದರೆ ವಸ್ತು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆಂದು ತಿಳಿಯುತ್ತದೆ. ಇಂಥ ಡಬ್ಬಿಗಳಲ್ಲಿ 4 ಮಿಲಿಮೀಟರಿನ ಐಪೀಸ್ ಇಟ್ಟಿರುತ್ತಾರೆ. 700ನ್ನು 4ರಿಂದ ಭಾಗಿಸಿದರೆ 175. ಜೊತೆಗೆ ಐಪೀಸಿನ ಮುಂದೆ ಹಾಕಿ ಹಿಗ್ಗಿಸುವಿಕೆಯನ್ನು ಮೂರು ಪಟ್ಟು ಮಾಡುವ ಬಾರ್ಲೋ ಮಸೂರ ಇರುತ್ತದೆ. 175 ಮೂರಲೆ 525. ಗುಣಾಕಾರ ಸರಿಯಾಗಿಯೇ ಇದೆ. ಆದರೆ ಮಸೂರದ ವ್ಯಾಸ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ಪಟ್ಟು ಹಿಗ್ಗಿಸುವವರೆಗೆ ಮಾತ್ರ ಹೊಸ ವಿವರ ಕಾಣುತ್ತದೆ. 60 ಮಿಲಿಮೀಟರಿಗೆ ಅದು 120. ಅದನ್ನು ಮೀರಿದರೆ ಚಂದ್ರನೂ ಮಬ್ಬು ಮುದ್ದೆಯಾಗುತ್ತಾನೆ.

ಅದಕ್ಕಿಂತ ದೊಡ್ಡ ತೊಂದರೆ ಕೆಳಗಿನ ಸ್ಟ್ಯಾಂಡಿನದು. 100 ಪಟ್ಟು ಹಿಗ್ಗಿಸಿದಾಗ ಸ್ಟ್ಯಾಂಡಿನ ನಡುಕವೂ 100 ಪಟ್ಟು ಹಿಗ್ಗುತ್ತದೆ. ಫೋಕಸ್ ಗುಂಡಿಗೆ ಬೆರಳು ತಾಗಿಸಿದರೆ ಸಾಕು, ಅಷ್ಟು ಹೊತ್ತು ಹುಡುಕಿ ಹಿಡಿದ ಶನಿ ಕಣ್ಣೆದುರಿನಿಂದ ಜಾರಿಹೋಗುತ್ತಾನೆ. ನಾಲ್ಕು ರಾತ್ರಿ ಹೀಗಾದರೆ ಯಾವ ಮಗುವಿಗೂ ಬೇಸರ ಬರುತ್ತದೆ. ಆಮೇಲೆ ಅದು ಕಪಾಟಿನ ಮೇಲೆ ಧೂಳು ತಿನ್ನುತ್ತದೆ. ಮಕ್ಕಳ ಕುತೂಹಲವನ್ನು ಹೀಗೆ ಹಾಳುಮಾಡುವ ಡಬ್ಬಿಗಳ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಹಾಗಾದರೆ ಯಾವುದು ಬೇಕು? ಪಟ್ಟಿನ ಲೆಕ್ಕ ಬಿಟ್ಟು ಎರಡನ್ನೇ ಕೇಳಿ: ಬಾಯಿ ಎಷ್ಟು ಅಗಲ, ಬುಡ ಎಷ್ಟು ಗಟ್ಟಿ. ನಿಮ್ಮ ಮಗಳ ವಯಸ್ಸಿಗೆ ಮಸೂರದ ಬದಲು 130 ಮಿಲಿಮೀಟರ್ ಕನ್ನಡಿಯಿರುವ, ಮೇಜಿನ ಮೇಲಿಡುವ ಡಾಬ್ಸೋನಿಯನ್ ಮಾದರಿಯನ್ನು (ತಿರುಗುವ ಸರಳ ಪೆಟ್ಟಿಗೆಯೇ ಇದರ ಸ್ಟ್ಯಾಂಡ್) ನಾನು ಹೇಳುತ್ತೇನೆ. 60 ಮಿಲಿಮೀಟರಿನದಕ್ಕಿಂತ ನಾಲ್ಕೂವರೆ ಪಟ್ಟಿಗೂ ಹೆಚ್ಚು ಬೆಳಕು ಹಿಡಿಯುತ್ತದೆ. ಇಂಥವುಗಳ ಸಂಗಮ ದೂರ ಸಾಮಾನ್ಯವಾಗಿ 650 ಮಿಲಿಮೀಟರ್. ಅಂದರೆ 25ರ ಐಪೀಸಿನಲ್ಲಿ 26 ಪಟ್ಟು, 10ರದ್ದರಲ್ಲಿ 65 ಪಟ್ಟು. ಮೊದಲ ವರ್ಷಕ್ಕೆ ಇವೆರಡೇ ಧಾರಾಳ. ಮೇಜು ಅಲುಗುವಂತಿದ್ದರೆ ಮೇಜೇ ಬೇಡ. ಅಂಗಳದ ಮೂಲೆಯಲ್ಲಿ ಹಳೆಯ ಒರಳುಕಲ್ಲು ಬಿದ್ದಿದ್ದರೆ ಅದರ ಮೇಲೊಂದು ದಪ್ಪ ಹಲಗೆ ಇಡಿ, ಅದಕ್ಕಿಂತ ಗಟ್ಟಿ ಸ್ಟ್ಯಾಂಡ್ ಎಲ್ಲೂ ಸಿಗದು. ಇನ್ನಷ್ಟು ಖರ್ಚು ಮಾಡುವ ಅನುಕೂಲವಿದ್ದರೆ ನೆಲದ ಮೇಲೆ ನಿಲ್ಲುವ 150 ಮಿಲಿಮೀಟರಿನದು ಇನ್ನೂ ಒಳ್ಳೆಯದು. ಆದರೆ ಭಾರ. ಮಗಳೊಬ್ಬಳೇ ಹೊರಗೆ ತಂದಿಡಲು ಆಗಬೇಕು, ಪ್ರತಿ ಸಲವೂ ಅಪ್ಪನನ್ನು ಕರೆಯುವಂತಾದರೆ ಅದು ಒಳಗೇ ಉಳಿಯುತ್ತದೆ.

ಈ ಮಾದರಿಗೆ ಹೆಸರು ಕೊಟ್ಟ ಜಾನ್ ಡಾಬ್ಸನ್ ಅವರ ಕಥೆಯನ್ನೂ ಮಗಳಿಗೆ ಹೇಳಿ. 1944ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿ ಸೇರಿ, ಎರಡು ದಶಕಕ್ಕೂ ಹೆಚ್ಚು ಕಾಲ ಸನ್ಯಾಸಿಯಾಗಿದ್ದವರು ಅವರು. ಅದು ನಮ್ಮ ರಾಮಕೃಷ್ಣ ಪರಂಪರೆಯ ಆಶ್ರಮವೇ. ಹಡಗಿನ ಕಿಟಕಿಯ ಹಳೆಯ ಗಾಜನ್ನು ಕೈಯಲ್ಲೇ ಉಜ್ಜಿ ಕನ್ನಡಿ ಮಾಡಿದರು, ರಟ್ಟಿನ ಕೊಳವೆಯಲ್ಲಿ ಕೂರಿಸಿದರು, ಪ್ಲೈವುಡ್ ಪೆಟ್ಟಿಗೆಯ ಮೇಲೆ ತಿರುಗುವಂತೆ ಇಟ್ಟರು. ಬೀದಿಗೆ ಒಯ್ದು ದಾರಿಹೋಕರನ್ನು ಕರೆಕರೆದು ಚಂದ್ರನನ್ನೂ ಶನಿಯನ್ನೂ ತೋರಿಸಿದರು.

ಅಂಗಡಿಯವರು ಆಕಾಶ ತಿರುಗಿದಂತೆ ನಕ್ಷತ್ರವನ್ನು ಹಿಂಬಾಲಿಸುವ ‘ಇಕ್ವಟೋರಿಯಲ್’ ಸ್ಟ್ಯಾಂಡ್ ಹೆಚ್ಚು ವೈಜ್ಞಾನಿಕ ಎಂದು ಹೇಳಬಹುದು. ಅದರ ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ ತಿರುಗಿಸಬೇಕು. ಧ್ರುವ ಎಷ್ಟು ಎತ್ತರದಲ್ಲಿ ಕಾಣುತ್ತದೆಂಬುದು ಊರಿನ ಅಕ್ಷಾಂಶದಷ್ಟೇ, ಶಿರಸಿಯಲ್ಲಿ ಸುಮಾರು ಹದಿನೈದು ಡಿಗ್ರಿ. ಕೈಚಾಚಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ ಆಗುತ್ತದೆ, ದಿಗಂತದಿಂದ ಒಂದೂವರೆ ಮುಷ್ಟಿ ಅಷ್ಟೆ. ಉತ್ತರಕ್ಕೆ ತೋಟವೋ ಬೆಟ್ಟವೋ ಇದ್ದರೆ ಧ್ರುವ ಕಾಣುವುದೇ ಇಲ್ಲ. ನಮ್ಮ ಮನೆಯಿಂದಲೂ ಕಾಣುವುದಿಲ್ಲ. ಹೊಸಬರಿಗೆ ಆ ತಲೆನೋವು ಏಕೆ?

ಇನ್ನು ಜಾಗ. ಅಡಿಕೆ ಒಣಗಿಸುವ ಅಂಗಳ ಹೇಳಿ ಮಾಡಿಸಿದ ಜಾಗ, ಮೇಲೆ ತೆರೆದ ಆಕಾಶವಿರುತ್ತದೆ. ಸಿಮೆಂಟಿನ ನೆಲ ಹಗಲಿನ ಬಿಸಿಲನ್ನು ಹೀರಿಕೊಂಡು ಸಂಜೆಯೆಲ್ಲ ಬಿಸಿ ಉಸಿರುತ್ತದೆ, ಆಗ ಗ್ರಹಗಳು ನೀರಿನೊಳಗಿದ್ದಂತೆ ಕುಣಿಯುತ್ತವೆ. ಆದ್ದರಿಂದ ಅಂಗಳದ ಆಚೆ ಮಣ್ಣಿನ ಅಂಚಿನಲ್ಲಿಡಿ. ನೋಡುವುದಕ್ಕೆ ಅರ್ಧ ಗಂಟೆ ಮೊದಲೇ ಹೊರಗೆ ತಂದರೆ ಕನ್ನಡಿಯೂ ತಣಿಯುತ್ತದೆ. ಅಡಿಕೆ ಸುಲಿಯುವ ಕಾಲವೂ ಆಕಾಶ ಶುಭ್ರವಾಗಿರುವ ಕಾಲವೂ ನಮ್ಮಲ್ಲಿ ಒಂದೇ ಆದ್ದರಿಂದ ಬಲ್ಬಿನ ಬೆಳಕು ತಪ್ಪಿದ್ದಲ್ಲ, ಮನೆಯ ಮರೆಗೆ ಹೋಗಿ. ಆದರೆ ಸುಲಿಯುವವರನ್ನು ಮರೆಯಬೇಡಿ. ಕಳೆದ ಚಳಿಗಾಲದಲ್ಲಿ ನಮ್ಮಲ್ಲಿ ಸುಲಿಯಲು ಬಂದಿದ್ದ ಅಕ್ಕ ಒಬ್ಬರು ಗುರುಗ್ರಹವನ್ನೂ ಅದರ ಆಚೀಚೆ ಸಾಲಾಗಿ ನಿಂತ ಚುಕ್ಕಿಗಳನ್ನೂ ನೋಡಿದರು. ಮರುದಿನ ಮತ್ತೆ ಕಣ್ಣಿಟ್ಟು, ‘ನಿನ್ನೆ ಈ ಬದಿಗೆ ಎರಡಿತ್ತಲ್ಲ, ಇವತ್ತು ಒಂದೇ ಉಂಟಲ್ಲ, ಇನ್ನೊಂದು ಎಲ್ಲಿ ಹೋಯಿತು?’ ಎಂದು ಕೇಳಿದರು. 1610ರ ಜನವರಿಯಲ್ಲಿ ಗೆಲಿಲಿಯೊ ಕೇಳಿಕೊಂಡಿದ್ದೂ ಇದನ್ನೇ. ಆ ಚುಕ್ಕಿಗಳು ಗುರುವಿನ ಸುತ್ತ ತಿರುಗುವ ಚಂದ್ರಗಳೆಂದು ತಿಳಿದದ್ದು ಹಾಗೆ. ನಾನು ವರ್ಷಗಟ್ಟಲೆ ತರಗತಿಯಲ್ಲಿ ಹೇಳಿದ ಪಾಠ ಅದು. ಕೇಳಿಸಿಕೊಂಡು ಅಲ್ಲ, ನೋಡಿ ಕೇಳಿದ ಪ್ರಶ್ನೆಯ ತೂಕವೇ ಬೇರೆ.

ಮೊದಲ ರಾತ್ರಿ ಚಂದ್ರನಿಂದಲೇ ಶುರುಮಾಡಲಿ, ಹುಣ್ಣಿಮೆಯ ದಿನ ಮಾತ್ರ ಬೇಡ. ಆಗ ಬೆಳಕು ನೇರವಾಗಿ ಬಿದ್ದು ನೆರಳೇ ಇರುವುದಿಲ್ಲ. ಶುಕ್ಲ ಪಕ್ಷದ ಷಷ್ಠಿಯಿಂದ ದಶಮಿಯವರೆಗೆ ಬೆಳಕು ಕತ್ತಲೆಗಳ ಗಡಿಯ ಉದ್ದಕ್ಕೂ ಕುಳಿಗಳ ಅಂಚು ಎದ್ದು ಕಾಣುತ್ತದೆ. ಶನಿಯ ಬಳೆಗಳಿಗೆ 65 ಪಟ್ಟು ಸಾಕು. 2025ರ ಮಾರ್ಚ್‌ನಲ್ಲಿ ಆ ಬಳೆಗಳು ಭೂಮಿಗೆ ಅಂಚು ತೋರಿಸಿ ಮಾಯವಾದಂತಾಗಿದ್ದವು, ಮತ್ತೆ ತೆರೆದುಕೊಳ್ಳುತ್ತಿವೆ. ಜನವರಿ, ಫೆಬ್ರುವರಿಯಲ್ಲಿ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಕತ್ತಿಯ ನಡುವಿನ ನೀಹಾರಿಕೆಯನ್ನು ನೋಡಲಿ. ಅದು ಪುಸ್ತಕದ ಚಿತ್ರದಂತೆ ಕೆಂಪಾಗಿರದೆ ಬೂದು ಮೋಡದಂತೆ ಕಾಣುತ್ತದೆ. ಇದನ್ನು ಮೊದಲೇ ಹೇಳಿಡಿ, ನಿರಾಸೆಯಾಗದು.

ಪ್ರಶ್ನೆ: ಕಾರವಾರದ ಕೋಡಿಬಾಗದಲ್ಲಿದ್ದೇನೆ. ಅಪ್ಪನ ಕಾಲದ 7×50 ಬೈನಾಕ್ಯುಲರ್ ಇದೆ, ಗಾಜಿನ ಒಳಗೆ ಜೇಡನ ಬಲೆಯಂಥ ಎಳೆಗಳು ಹಬ್ಬಿವೆ. ಇದು ನಕ್ಷತ್ರ ನೋಡಲು ಬಂದೀತೇ? ದೂರದರ್ಶಕ ಕೊಂಡರೆ ಅದಕ್ಕೂ ಹೀಗೇ ಆಗುವುದೇ?

ಉತ್ತರ: ಅದು ಬೂಷ್ಟು. ನಮ್ಮ ಜಿಲ್ಲೆಯಲ್ಲಿ ಮಸೂರಗಳ ದೊಡ್ಡ ಶತ್ರು ಇದೇ. ನೀವೇ ಬಿಚ್ಚಬೇಡಿ, ಎರಡು ಕೊಳವೆಗಳ ಹೊಂದಾಣಿಕೆ ತಪ್ಪಿದರೆ ಒಂದು ನಕ್ಷತ್ರ ಎರಡಾಗಿ ಕಾಣುತ್ತದೆ. ಕ್ಯಾಮೆರಾ ರಿಪೇರಿಯವರಿಗೆ ಕೊಟ್ಟು ಒರೆಸಿಸಿ. ಎಳೆ ತೆಳುವಾಗಿದ್ದರೆ ಕಲೆ ಉಳಿದರೂ ನೋಟಕ್ಕೆ ಹೆಚ್ಚು ಅಡ್ಡಿಯಾಗದು. 7×50, ಅಂದರೆ ಏಳು ಪಟ್ಟು ಹಿಗ್ಗಿಸುವ 50 ಮಿಲಿಮೀಟರ್ ಮಸೂರ, ಎಂಬುದು ಆಕಾಶಕ್ಕೆ ಹೇಳಿ ಮಾಡಿಸಿದ ಅಳತೆ, ಬಿಸಾಡಬೇಡಿ.

ಜೂನ್‌ನಿಂದ ಸೆಪ್ಟೆಂಬರಿನವರೆಗೆ ಹೇಗೂ ಆಕಾಶ ಮುಚ್ಚಿರುತ್ತದೆ. ಆ ನಾಲ್ಕು ತಿಂಗಳು ಉಪಕರಣವನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆಗಿಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಹೀರಿ ತುಂಬಿದೆಯೆಂದರ್ಥ, ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ನೀಲಿಯಾಗುತ್ತದೆ. ಘಟ್ಟದ ಮೇಲಿನವರು ಬೆಚ್ಚಗಿರುತ್ತದೆಂದು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಇಡುವುದುಂಟು, ಹೊಗೆ ಗಾಜಿಗೆ ಅಂಟುತ್ತದೆ, ಅದೂ ಬೇಡ. ಇಬ್ಬನಿಯಲ್ಲಿ ತೊಯ್ದ ಮಸೂರವನ್ನು ಸೆರಗಿನಿಂದಲೋ ಟವೆಲಿನಿಂದಲೋ ಒರೆಸಬೇಡಿ. ಒಳಗೆ ತಂದು ಮುಚ್ಚಳ ತೆಗೆದೇ ಇಡಿ, ಪೂರ್ತಿ ಆರಿದ ಮೇಲೆ ಮುಚ್ಚಿ. ಹಸಿಯಿರುವಾಗ ಮುಚ್ಚಿಟ್ಟರೆ ಬೂಷ್ಟನ್ನು ನಾವೇ ಕರೆದಂತೆ. ದೂರದರ್ಶಕ ಕೊಂಡರೆ ಅದನ್ನು ಅಲೆಯ ಹನಿ ಹಾರುವಷ್ಟು ಹತ್ತಿರ ಮಾತ್ರ ಒಯ್ಯಬೇಡಿ, ಉಪ್ಪು ಕನ್ನಡಿಯ ಅಲ್ಯೂಮಿನಿಯಂ ಲೇಪವನ್ನು ತಿನ್ನುತ್ತದೆ.

ಆ ಬೈನಾಕ್ಯುಲರಿನಲ್ಲಿ ನೋಡಲೇಬೇಕಾದದ್ದು ಒಂದಿದೆ. ಮೇ ತಿಂಗಳಲ್ಲಿ ಮೋಡವಿಲ್ಲದ ರಾತ್ರಿ ಹತ್ತರ ಸುಮಾರಿಗೆ ದಕ್ಷಿಣಕ್ಕೆ ಮುಖ ಮಾಡಿ. ಕೆಳಗೆ ಶಿಲುಬೆಯಾಕಾರದ ತ್ರಿಶಂಕು ನಕ್ಷತ್ರಪುಂಜ, ಅದರ ಎಡಕ್ಕೆ ಕಿನ್ನರ (ಸೆಂಟಾರಸ್) ಪುಂಜದ ಎರಡು ಉಜ್ವಲ ನಕ್ಷತ್ರಗಳು. ಇನ್ನೂ ಮೇಲೆ, ದಿಗಂತದಿಂದ ಮೂರು ಮುಷ್ಟಿಗಿಂತ ತುಸು ಕಡಿಮೆ ಎತ್ತರದಲ್ಲಿ, ಉಜ್ಜಿದ ನಕ್ಷತ್ರದಂಥ ಒಂದು ಮಬ್ಬು ಉಂಡೆ. ಅದೇ ಒಮೆಗಾ ಸೆಂಟಾರಿ. ಲಕ್ಷಗಟ್ಟಲೆ ನಕ್ಷತ್ರಗಳ ಗುಚ್ಛ, ಸುಮಾರು 17,000 ಜ್ಯೋತಿರ್ವರ್ಷ ದೂರ. ಲಂಡನ್ನಿನವರಿಗೆ ಅದು ಎಂದೂ ಉದಯಿಸುವುದಿಲ್ಲ. ಬಂದರು, ನೌಕಾನೆಲೆಯ ದೀಪಗಳು ನಿಮಗೆ ದಕ್ಷಿಣದಲ್ಲೇ ಇದ್ದರೂ ಅಷ್ಟು ಎತ್ತರಕ್ಕೆ ಅವುಗಳ ಕಾಟ ಕಡಿಮೆ.

ಪ್ರಶ್ನೆ: ಅಂಕೋಲೆಯವನು. 1980ರ ಗ್ರಹಣದ ಬಗ್ಗೆ ಅಜ್ಜ ಹೇಳುತ್ತಿರುತ್ತಾರೆ. ದೂರದರ್ಶಕದಲ್ಲಿ ಸೂರ್ಯನನ್ನು ನೋಡಬಹುದೇ?

ಉತ್ತರ: ನಿಮ್ಮ ಅಜ್ಜ ಅದೃಷ್ಟವಂತರು. ಆ ಫೆಬ್ರುವರಿ 16ರಂದು ಖಗ್ರಾಸ ಗ್ರಹಣದ ನೆರಳು ಅರಬ್ಬಿ ಸಮುದ್ರ ದಾಟಿ ನಿಮ್ಮ ಕರಾವಳಿಯಿಂದಲೇ ಭಾರತದ ನೆಲಕ್ಕೆ ಕಾಲಿಟ್ಟಿತ್ತು. ಅವರು ಕಂಡದ್ದನ್ನೆಲ್ಲ ಕೇಳಿ ಬರೆದಿಟ್ಟುಕೊಳ್ಳಿ.

ಸೂರ್ಯನನ್ನು ನೋಡಬಹುದು, ಆದರೆ ಕೊಳವೆಯ ಮುಂಬದಿಯ ಬಾಯಿಯನ್ನು ಪೂರ್ತಿ ಮುಚ್ಚುವ, ಸೂರ್ಯನಿಗೆಂದೇ ತಯಾರಾದ ಫಿಲ್ಟರ್ ಹಾಕಿ ಮಾತ್ರ. ಅಗ್ಗದ ಡಬ್ಬಿಗಳಲ್ಲಿ ಐಪೀಸಿಗೆ ತಿರುಪಿ ಹಾಕುವ ಕಪ್ಪು ಗಾಜು ಬಂದಿದ್ದರೆ ಅದನ್ನು ಇಂದೇ ಒಡೆದು ಎಸೆಯಿರಿ. ಒಟ್ಟುಗೂಡಿದ ಶಾಖಕ್ಕೆ ಅದು ಸೀಳಿದರೆ ಕಣ್ಣು ಆ ಕ್ಷಣದಲ್ಲೇ ಹೋಗುತ್ತದೆ. ಪಕ್ಕದ ಪುಟ್ಟ ಫೈಂಡರ್ ದುರ್ಬೀನಿಗೂ ಮುಚ್ಚಳ ಹಾಕಿ ಅಥವಾ ಅದನ್ನು ಬಿಚ್ಚಿಡಿ, ಮಕ್ಕಳು ಕಣ್ಣಿಡುವುದು ಅಲ್ಲಿಯೇ. ಪ್ರತಿ ಸಲ ಹಾಕುವ ಮೊದಲು ಫಿಲ್ಟರನ್ನು ದೀಪದ ಎದುರು ಹಿಡಿದು ನೋಡಿ. ಸೂಜಿಮೊನೆಯಷ್ಟು ತೂತು ಕಂಡರೂ ಅದನ್ನು ಬಳಸಬೇಡಿ.