ಪ್ರತಿಕ್ರಿಯೆ: ಶಾಲಾ ಸಂಸತ್ತಿನ ಸಮಿತಿಗಳು ಸೇರುತ್ತಲೇ ಇಲ್ಲ, ಏನು ಮಾಡಲಿ?

ಮಕ್ಕಳ ಉದಾಸೀನ ಕಾರಣವಲ್ಲ. ನಿಮ್ಮ ಸಂಸತ್ತಿನ 24 ಸದಸ್ಯರಿಗೆ ಏಳು ಸಮಿತಿ ಹೆಚ್ಚಾಯಿತು. ನೀವು ಹಾಕಿದ ಪಟ್ಟಿಯಲ್ಲಿ ಒಂದೇ ಹುಡುಗಿಯ ಹೆಸರು ಮೂರು ಕಡೆ ಇದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಶಾಲೆಗೆ ನಿಯಮಾವಳಿ ಬರೆದಾಗ ನಾನೂ ಇದೇ ತಪ್ಪು ಮಾಡಿದ್ದೆ.

ಮೊದಲು ಸಮಿತಿಗಳನ್ನು ನಾಲ್ಕಕ್ಕೆ ಇಳಿಸಿ. ಮಾದರಿ ನಮ್ಮ ಕೇರಳದ ಗ್ರಾಮ ಪಂಚಾಯತಿನಲ್ಲೇ ಇದೆ: ಹಣಕಾಸು, ಅಭಿವೃದ್ಧಿ, ಕ್ಷೇಮ, ಆರೋಗ್ಯ-ಶಿಕ್ಷಣ ಎಂದು ನಾಲ್ಕು ಸ್ಥಾಯೀ ಸಮಿತಿ, ಹಣಕಾಸಿಗೆ ಉಪಾಧ್ಯಕ್ಷರೇ ಅಧ್ಯಕ್ಷರು. ಒಬ್ಬ ಸದಸ್ಯ ಒಂದೇ ಸಮಿತಿಯಲ್ಲಿರಬೇಕು ಎಂಬ ಅಲ್ಲಿನ ನಿಯಮವನ್ನು ಹಾಗೇ ಎತ್ತಿಕೊಳ್ಳಿ. ಅರ್ಧ ತೊಡಕು ಅಲ್ಲಿಗೇ ಬಿಡುತ್ತದೆ.

ಆಮೇಲೆ ಕೋರಂ, ಅಂದರೆ ಸಭೆ ನಡೆಯಲು ಹಾಜರಿರಬೇಕಾದ ಕನಿಷ್ಠ ಸದಸ್ಯರ ಸಂಖ್ಯೆ. ಲೋಕಸಭೆಯ ಹತ್ತನೇ ಒಂದು ಪಾಲನ್ನು ನಕಲು ಮಾಡಿದ್ದೀರಿ. 543 ಸ್ಥಾನಗಳ ಸದನಕ್ಕೆ ಅದು ಸರಿ. ನಿಮ್ಮಲ್ಲಿ ಮೂವರೇ ಕೂತು ಎಲ್ಲರ ಪರವಾಗಿ ತೀರ್ಮಾನಿಸಿದಂತಾಗುತ್ತದೆ, ಅದು ಉಳಿದ ಮಕ್ಕಳಿಗೆ ಅನ್ಯಾಯ. ಮೂರನೇ ಒಂದು ಪಾಲು, ಅಂದರೆ ಎಂಟು ಮಂದಿ ಇಡಿ.

ಸಮಿತಿಯ ವರದಿ ಇಲ್ಲದೆ ವಿಷಯ ಸಭೆಗೆ ಬರಬಾರದು. 15 ದಿನದಲ್ಲಿ ವರದಿ ಬಾರದಿದ್ದರೆ ಮಾತ್ರ ಸಭೆಯೇ ನೇರವಾಗಿ ಎತ್ತಿಕೊಳ್ಳಬಹುದು ಎಂದೂ ಸೇರಿಸಿ. ಈ 15 ದಿನ ನಿಮಗೆ ಸಾಲುತ್ತದೋ ಹೇಳಲಾರೆ, ಪರೀಕ್ಷೆಯ ತಿಂಗಳಲ್ಲಿ ನಮಗೆ ಸಾಲಲಿಲ್ಲ. ನೋಟೀಸು ಕನ್ನಡ, ಮಲಯಾಳ ಎರಡರಲ್ಲೂ ಇರಲಿ.