ಹಿತ್ತಲಲ್ಲಿ ಚಳಿ ಕಾಯಿಸೋ ಗುಂಡಿಗೆ ಹೊಳೆ ಕಲ್ಲು ಆಗುತ್ತಾ?

ಹೊಳೆ ಕಲ್ಲು ತಂದು ಸಿಮೆಂಟ್ ಹಾಕಿ ಕಟ್ತೀನಿ ಅಂದಿದ್ದೀರಲ್ಲ, ದಯವಿಟ್ಟು ಬೇಡ. ನಾನೂ ಹಾಗೇ ಮಾಡಿದ್ದೆ.

ನಮ್ಮದು ಸಕಲೇಶಪುರದ ಹತ್ರ. ಡಿಸೆಂಬರ್ ರಜಕ್ಕೆ ಅಕ್ಕ, ಭಾವ, ಮಕ್ಕಳೆಲ್ಲ ಬರ್ತಾರೆ ಅಂತ ಹೇಮಾವತಿ ದಡದಿಂದ ನುಣ್ಣನೆ ಕಲ್ಲು ಜೀಪಲ್ಲಿ ತುಂಬ್ಕೊಂಡು ಬಂದು, ಒಂದಡಿ ಗುಂಡಿ ತೆಗೆದು, ಸುತ್ತ ಎರಡು ಸಾಲು ಕಟ್ಟಿದೆ. ನೋಡೋಕೆ ಬಹಳ ಚೆನ್ನಾಗಿತ್ತು. ಎರಡನೇ ದಿನ ರಾತ್ರಿ ಬೆಂಕಿ ಚೆನ್ನಾಗಿ ಹತ್ಕೊಂಡು ಅರ್ಧ ಗಂಟೆ ಆಗಿರ್ಬೇಕು, ಎಲ್ಲಿಂದಲೋ ಸುಂಯ್ ಅಂತ ಸಣ್ಣ ಸದ್ದು ಬಂತು, ಹಸಿ ಸೌದೆ ತುದೀಲಿ ನೀರು ನೊರೆ ಬಿಡುತ್ತಲ್ಲ ಹಾಗೆ, ನಾನು ಸೌದೆನೇ ಅನ್ಕೊಂಡು ಸುಮ್ನಿದ್ದೆ, ಆಮೇಲೆ ಢಂ ಅಂತು ನೋಡಿ, ಕೋವಿ ಹೊಡೆದ ಹಾಗೆ. ಕಲ್ಲಿನ ಚಕ್ಕೆ ಅಕ್ಕನ ಮಗನ ಹುಬ್ಬಿಗೆ ಬಡೀತು. 4 ಹೊಲಿಗೆ. ಕಣ್ಣಿಗೂ ಗಾಯಕ್ಕೂ ಮಧ್ಯೆ ಒಂದು ಬೆರಳು ಜಾಗ ಅಷ್ಟೆ.

ಯಾಕೆ ಹಾಗಾಯ್ತು ಅನ್ನೋದನ್ನ ಬಿಡಿಸಿ ಹೇಳ್ತೀನಿ. ವರ್ಷಗಟ್ಲೆ ನೀರಲ್ಲಿ ಬಿದ್ದಿರೋ ಕಲ್ಲಿನ ಒಳಗೆ ಕಣ್ಣಿಗೆ ಕಾಣದ ಬಿರುಕಲ್ಲೆಲ್ಲ ನೀರು ಕೂತಿರುತ್ತೆ. ನಾನು ಮೂರು ದಿನ ಬಿಸಿಲಿಗೆ ಹಾಕಿದ್ದೆ, ಮುಟ್ಟಿದ್ರೆ ಪೂರ್ತಿ ಒಣಗಿತ್ತು, ಅಲ್ಲೇ ಮೋಸ ಹೋಗಿದ್ದು. ಒಣಗಿದ್ದು ಮೇಲೆ ಮಾತ್ರ. ಬೆಂಕಿ ಕಾವಿಗೆ ಒಳಗಿನ ನೀರು ಆವಿ ಆಗುತ್ತೆ, ಆವಿಗೆ ನೀರಿನ 1600 ಪಟ್ಟು ಜಾಸ್ತಿ ಜಾಗ ಬೇಕು, ಹೊರಗೆ ಬರೋಕೆ ದಾರಿ ಇಲ್ಲ ಅಂದ್ರೆ ಕಲ್ಲನ್ನೇ ಸೀಳ್ಕೊಂಡು ಬರುತ್ತೆ. ಸಿಮೆಂಟೂ ಅಷ್ಟೇ, ಕಾವಿಗೆ ತಡೆಯಲ್ಲ, ಬೆಳಿಗ್ಗೆ ನೋಡಿದ್ರೆ ಒಳಮೈ ಎಲ್ಲ ಬಿರುಕು ಬಿಟ್ಟು ಚಕ್ಕೆ ಏಳ್ತಿತ್ತು.

ಇನ್ನೊಂದು, ನೀವು ತೀರ್ಥಹಳ್ಳಿ ಕಡೆಯವರು ಅಂದಿದ್ದೀರಿ, ನಿಮ್ಮ ಮಳೆಗೆ ಗುಂಡಿನೇ ಯಾಕ್ರೀ? ಜೂನ್‌ನಿಂದ ಅದು ಸೊಳ್ಳೆ ಸಾಕೋ ಹೊಂಡ ಆಗುತ್ತೆ. ನೆಲದ ಮೇಲೇ ಮಾಡಿ. ಹುಲ್ಲು ಕೆತ್ತಿ ತೆಗೆದು ಒಣ ಮಣ್ಣು ಹರಡಿ, ಚೆನ್ನಾಗಿ ಸುಟ್ಟ ಕೆಂಪು ಇಟ್ಟಿಗೆ, ತಟ್ಟಿದ್ರೆ ಠಣ್ ಅನ್ಬೇಕು ಅಂಥದ್ದು, ಒಳಗೆ 3 ಅಡಿ ಅಗಲ ಬರೋ ಹಾಗೆ ದುಂಡಗೆ 4 ಸಾಲು ಜೋಡಿಸಿ. ಗಾರೆ ಬೇಡ. 60 ಇಟ್ಟಿಗೆ ಇದ್ರೆ ಆಯ್ತು. ಕೆಳಗಿನ ಸಾಲಲ್ಲಿ ಅಲ್ಲಲ್ಲಿ ಎರಡು ಬೆರಳು ಸಂದು ಬಿಟ್ರೆ ಗಾಳಿ ಆಡುತ್ತೆ, ಹೊಗೆ ಕಮ್ಮಿ. ಮಳೆಗಾಲದಲ್ಲಿ ಬಿಚ್ಚಿ ಕೊಟ್ಟಿಗೆ ಒಳಗಿಡಿ, ನೆನೆದ ಇಟ್ಟಿಗೆಗೂ ಒಂದೇ ಸಲ ದೊಡ್ಡ ಬೆಂಕಿ ಒಳ್ಳೇದಲ್ಲ.

ಜಾಗ ಮಾತ್ರ ಮನೆ, ಹುಲ್ಲಿನ ಬಣವೆ ಎರಡರಿಂದಲೂ 20 ಅಡಿ ದೂರ ಇರ್ಲಿ, ಮೇಲೆ ಕೊಂಬೆ ಇರಬಾರದು, ಸುತ್ತ ದರಗು ಗುಡಿಸಿರಿ. ಮಲಗೋ ಮುಂಚೆ ಕೆಂಡಕ್ಕೆ ಒಂದು ಕೊಡ ನೀರು ಹುಯ್ದು, ಬೂದಿ ಕೆದಕಿ, ಇನ್ನೊಂದು ಕೊಡ ಹುಯ್ಯಿರಿ.