ಸೊಸೆಯನ್ನು ಒಂದು ಮಾತು ಕೇಳಿದಿರಾ?

ಪ್ರಶ್ನೆ: ದೊಡ್ಡ ಮಗ ಸೈನ್ಯದಲ್ಲಿದ್ದ. ಗಡಿಯಲ್ಲಿ ಕಾರ್ಯಾಚರಣೆ ನಡೆದಾಗ ತೀರಿಕೊಂಡ. ಸೊಸೆಗೆ 24 ವರ್ಷ, ಎರಡು ವರ್ಷದ ಮಗಳಿದ್ದಾಳೆ. ಸೊಸೆ ಹೊರಗಡೆ ಮದುವೆಯಾದರೆ ಪಿಂಚಣಿ ನಿಲ್ಲುತ್ತದೆ, ನಮ್ಮ ಚಿಕ್ಕ ಮಗನಿಗೇ ತಂದುಕೊಂಡರೆ ನಿಲ್ಲುವುದಿಲ್ಲ ಅಂತ ಪರಿಚಯದವರು ಹೇಳುತ್ತಾರೆ. ನಿಜವೇ?
– ನಿವೃತ್ತ ಶಿಕ್ಷಕರು, ಧಾರವಾಡ ಜಿಲ್ಲೆ

ಉತ್ತರ: ಹಿರಿಯರೇ, ಮಗನನ್ನು ಕಳೆದುಕೊಂಡ ನಿಮ್ಮ ಸಂಕಟ ದೊಡ್ಡದು. ಆದರೂ ನೇರವಾಗಿ ಹೇಳಬೇಕಾಗಿದೆ, ಏಕೆಂದರೆ ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಮಾವ ಬರೆಯುತ್ತಾರೆ, ಮೈದುನ ಬರೆಯುತ್ತಾನೆ, ಒಮ್ಮೊಮ್ಮೆ ಹುಡುಗಿಯ ಅಣ್ಣನೂ ಬರೆಯುತ್ತಾನೆ. ನಿಮ್ಮ ಪತ್ರದಲ್ಲಿ ಪಿಂಚಣಿ ಇದೆ, ಚಿಕ್ಕ ಮಗ ಇದ್ದಾನೆ, ಪರಿಚಯದವರೂ ಇದ್ದಾರೆ. ಸೊಸೆಗೆ ಏನು ಬೇಕು ಅನ್ನುವ ಒಂದು ಸಾಲು ಇಲ್ಲ.

ಮೊದಲು ಕಾನೂನು. ಪರಿಚಯದವರು ಹೇಳಿದ್ದು ಹಳೇ ಕಥೆ. ಕಾರ್ಯಾಚರಣೆಯಲ್ಲಿ ಪ್ರಾಣ ಕೊಟ್ಟ ಸೈನಿಕನ ಹೆಂಡತಿಗೆ ಸಿಗುವುದು ಉದಾರೀಕೃತ ಕುಟುಂಬ ಪಿಂಚಣಿ. ಅದು ಗಂಡನ ಕೊನೆಯ ಸಂಬಳದಷ್ಟೇ ಇರುತ್ತದೆ. ಮಗುವನ್ನು ತಾನೇ ಸಾಕುತ್ತಿದ್ದರೆ, ಯಾರನ್ನೇ ಮದುವೆಯಾದರೂ ಆ ಪಿಂಚಣಿ ಮುಂದುವರಿಯುತ್ತದೆ. ಮಗುವಿನ ಹೊಣೆ ಬಿಟ್ಟುಕೊಟ್ಟರೆ ಮಾತ್ರ ಮಗುವಿಗೆ ಪಾಲು ಹೋಗುತ್ತದೆ. ಮೈದುನನನ್ನೇ ಆಗಬೇಕು ಅನ್ನುವ ಷರತ್ತು ಈಗ ಇಲ್ಲ.

ಹಿಂದೆ ಇತ್ತು. ಶೌರ್ಯ ಪದಕ ಪಡೆದವರ ಹೆಂಡತಿಗೆ ತಿಂಗಳು ತಿಂಗಳು ಸಿಗುವ ಭತ್ಯೆಯನ್ನೇ ನೋಡಿ. ಅವಳು ಮರುಮದುವೆಯಾದರೆ ಭತ್ಯೆ ನಿಲ್ಲುತ್ತಿತ್ತು. ಗಂಡನ ತಮ್ಮನನ್ನೋ ಅಣ್ಣನನ್ನೋ ಮದುವೆಯಾದರೆ ನಿಲ್ಲುತ್ತಿರಲಿಲ್ಲ. ರಕ್ಷಣಾ ಸಚಿವಾಲಯ ಈ ಷರತ್ತು ತೆಗೆದದ್ದು 2017ರ ನವೆಂಬರ್‌ನಲ್ಲಿ. ಅಲ್ಲಿಯವರೆಗೂ ಒಬ್ಬ ವಯಸ್ಕ ಹೆಣ್ಣುಮಗಳು ಯಾರ ಜೊತೆ ಬಾಳಬೇಕು ಅನ್ನುವುದನ್ನು ಸರ್ಕಾರದ ಕಾಗದ ನಿರ್ಧರಿಸುತ್ತಿತ್ತು.

ಇದು ಸುಮ್ನೆ ಯಾವನೋ ಗುಮಾಸ್ತ ಬರೆದಿಟ್ಟ ಸಾಲಲ್ಲ. ಇದರ ಬೇರು ಪಂಜಾಬ್, ಹರಿಯಾಣದ ಕಡೆ ಇದೆ. ಅಲ್ಲಿ ವಿಧವೆಯನ್ನು ಗಂಡನ ತಮ್ಮನಿಗೆ ಕೂಡಿಸುವ ಪದ್ಧತಿಗೆ ಕರೇವಾ ಎನ್ನುತ್ತಾರೆ. ಗಂಡ ಸತ್ತ ಹೆಂಗಸಿಗೆ ಅವನ ಜಮೀನಿನ ಮೇಲೆ ಒಂದಿಷ್ಟು ಹಕ್ಕಿತ್ತು. ಅವಳು ಹೊರಗೆ ಹೋದರೆ ಜಮೀನು ಒಡೆದೀತು ಅನ್ನುವ ಭಯ. ಮೈದುನನ ಜೊತೆ ಗಂಟು ಹಾಕಿದರೆ ಜಮೀನೂ ಉಳಿಯಿತು, ದುಡಿಯುವ ಎರಡು ಕೈಯೂ ಉಳಿದವು. ಬ್ರಿಟಿಷರು ಇದಕ್ಕೆ ಕೋರ್ಟಿನಲ್ಲಿ ಮಾನ್ಯತೆ ಕೊಟ್ಟರು. ಅವರಿಗೆ ಆ ರೈತ ಮನೆಗಳು ನೆಮ್ಮದಿಯಾಗಿರಬೇಕಿತ್ತು, ಯಾಕೆಂದರೆ ಸೈನ್ಯಕ್ಕೆ ಹುಡುಗರು ಬರುತ್ತಿದ್ದದ್ದು ಅಲ್ಲಿಂದಲೇ. ಮೊದಲ ಮಹಾಯುದ್ಧಕ್ಕೆ ಭಾರತದಿಂದ 10 ಲಕ್ಷಕ್ಕೂ ಜಾಸ್ತಿ ಜನ ಸಮುದ್ರ ದಾಟಿ ಹೋದರು. 74,000ಕ್ಕೂ ಹೆಚ್ಚು ಮಂದಿ ತಿರುಗಿ ಬರಲಿಲ್ಲ. ಸತ್ತವರಲ್ಲಿ ಹಲವರ ಹೆಸರು ದೆಹಲಿಯ ಇಂಡಿಯಾ ಗೇಟ್ ಕಲ್ಲಿನ ಮೇಲೂ ಇದೆ. ಅವರ ಹೆಂಡತಿಯರಲ್ಲಿ ಎಷ್ಟು ಜನರನ್ನು ಯಾರ ಮನೆಗೆ, ಯಾರ ಕೈಗೆ ದಾಟಿಸಿದರು ಅಂತ ಯಾವ ಕಲ್ಲಿನ ಮೇಲೂ ಬರೆದಿಲ್ಲ. ಯುದ್ಧದ ಲೆಕ್ಕದಲ್ಲಿ ಇದು ಸೇರಬೇಕು ಅನ್ನುವುದೇ ನನ್ನ ಹಟ.

ಕೆಲವು ವರ್ಷಗಳ ಹಿಂದೆ ಒಂದು ಕುಟುಂಬ ನನ್ನ ಕಚೇರಿಗೆ ಬಂದಿತ್ತು. ನಾನು ಹುಡುಗಿಯನ್ನು ಏನು ಕೇಳಿದರೂ ಉತ್ತರ ಮಾವನದು. ಒಪ್ಪಿಗೆ ಇದೆಯಾ ಅಂದರೆ, ‘ಹೂಂ, ಐತ್ರೀ’ ಅಂತ ಅತ್ತೆ ಅಂದರು. ಕೊನೆಗೆ ಎಲ್ಲರನ್ನೂ ಹೊರಗೆ ಕೂರಿಸಿದೆ. ಹತ್ತು ನಿಮಿಷ ಅವಳು ಮಾತಾಡಲಿಲ್ಲ. ಮುಂದಿಟ್ಟ ಚಹಾ ಕೆನೆ ಕಟ್ಟಿತು. ಆಮೇಲೆ ಒಂದೇ ಉಸಿರಿಗೆ ಹೇಳಿದಳು: ‘ಅವ ನನಗ ವೈನಿ (ಅತ್ತಿಗೆ) ಅಂತಾನ್ರೀ. ದಿನಾ ಡಬ್ಬಿ ಕಟ್ಟಿ ಕಾಲೇಜಿಗೆ ಕಳಿಸೀನಿ. ತಮ್ಮ ಇದ್ದಂಗ ಅದಾನ್ರೀ ನನಗ.’ ಆ ಹುಡುಗನನ್ನೂ ಬೇರೆ ಕೂರಿಸಿ ಕೇಳಿದೆ. ಅವನು ತಲೆ ಎತ್ತಲಿಲ್ಲ. ಇಬ್ಬರಿಗೂ ಬೇಡ, ಹಿರಿಯರಿಗೆ ಮಾತ್ರ ಬೇಕು. ಅಂದಿನಿಂದ ನಾನು ಯಾವ ಸೊಸೆಯ ಜೊತೆಗೂ ಮನೆಯವರ ಎದುರು ಮಾತಾಡುವುದಿಲ್ಲ. ಮನೆಯವರಿಗೆ ಬೇಜಾರಾದರೆ ಆಗಲಿ.

ಮೈದುನನನ್ನು ಮದುವೆಯಾಗಲೇಬಾರದು ಅಂತಲ್ಲ. ಇಬ್ಬರಿಗೂ ಮನಸ್ಸಿದ್ದರೆ ಚೆನ್ನಾಗಿ ಬಾಳುತ್ತಾರೆ, ನೋಡಿದ್ದೇನೆ. ಆದರೆ ಮೊದಲ ವರ್ಷ ಈ ಮಾತೇ ಎತ್ತಬೇಡಿ. ದುಃಖದಲ್ಲಿರುವವರು ಏನು ಕೇಳಿದರೂ ತಲೆಯಾಡಿಸುತ್ತಾರೆ, ಅದು ಒಪ್ಪಿಗೆಯಲ್ಲ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ವಯಸ್ಸಾಯಿತು, ಸೊಸೆ ಹೋದರೆ ಮೊಮ್ಮಗಳೂ ಹೋಗುತ್ತಾಳೆ ಅನ್ನುವ ಸಂಕಟ. ಮಗನ ಸ್ವಂತ ಆಸ್ತಿಯಲ್ಲಿ, ಅವನು ಉಯಿಲು ಬರೆಯದೆ ಹೋಗಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ನಿಮ್ಮ ಶ್ರೀಮತಿಗೂ ಸೊಸೆ, ಮೊಮ್ಮಗಳಷ್ಟೇ ಸಮ ಪಾಲಿದೆ. ತಾಯಿ ಮೊದಲ ದರ್ಜೆಯ ವಾರಸುದಾರಳು. ಪಿಂಚಣಿ ಮಾತ್ರ ಆಸ್ತಿಯಲ್ಲ. ಅದನ್ನು ಉಯಿಲಿನಲ್ಲಿ ಬರೆಯಲೂ ಬರುವುದಿಲ್ಲ, 1991ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮೊಮ್ಮಗಳು ನಿಮ್ಮ ಹತ್ತಿರ ಬರುತ್ತಿರಬೇಕು ಅಂದರೆ ಅವಳ ತಾಯಿಯ ಜೊತೆ ಚೆನ್ನಾಗಿರಿ. ಬೇರೆ ದಾರಿ ನನಗೆ ಕಂಡಿಲ್ಲ.

ಪ್ರಶ್ನೆ: ವೀರನಾರಿಯರ, ಅಂದರೆ ಹುತಾತ್ಮ ಸೈನಿಕರ ಹೆಂಡತಿಯರ ಮರುಮದುವೆ ನಮ್ಮ ಸಂಸ್ಕೃತಿಗೆ ಒಪ್ಪುತ್ತದೆಯೇ?

ಉತ್ತರ: ವಿಧವೆಯ ಮರುಮದುವೆಗೆ ಉಡಿಕೆ, ಕೂಡಿಕೆ ಅನ್ನುವ ಪದಗಳು ಕನ್ನಡದಲ್ಲಿ ಯಾಕಿವೆ ಅಂತ ನಿಮ್ಮ ಅಜ್ಜಿಯನ್ನು ಕೇಳಿ.

ಪ್ರಶ್ನೆ: ತಮ್ಮ ಸಿಯಾಚಿನ್‌ನಲ್ಲಿ ತೀರಿಕೊಂಡ. ಅವನ ಹೆಂಡತಿಯ ಜಾತಕದಲ್ಲಿ ದೋಷ ಇತ್ತಂತೆ. ಶಾಂತಿಗೆ 40,000 ರೂಪಾಯಿ ಕೇಳುತ್ತಿದ್ದಾರೆ.

ಉತ್ತರ: 1984ರಿಂದ ನಮ್ಮ ಸೈನಿಕರು ಆ ಹಿಮದಲ್ಲಿದ್ದಾರೆ. ಹಿಮ ಕುಸಿತ, ಕೊರೆಯುವ ಚಳಿ, ಉಸಿರಿಗೆ ಸಾಲದ ಗಾಳಿ ಅಲ್ಲಿ ಪ್ರಾಣ ತೆಗೆಯುತ್ತವೆ. ಊರಲ್ಲಿ ಕೂತ ಹುಡುಗಿಯ ಕಾಲ್ಗುಣ ಅಲ್ಲ. ಸಾವಿನ ಮನೆಯಲ್ಲಿ ದುಡ್ಡು ಎಣಿಸುವ ಆ ಮನುಷ್ಯನನ್ನು ಹೊಸ್ತಿಲು ದಾಟಿಸಬೇಡಿ. ಆ ಹುಡುಗಿಯ ಕ್ಷಮೆ ಕೇಳಿ.

ಪ್ರಶ್ನೆ: ಪಿಂಚಣಿ ಫೈಲ್ ಓಡಿಸಲು ಏಜೆಂಟ್ ಹತ್ತು ಪರ್ಸೆಂಟ್ ಕೇಳುತ್ತಾನೆ.

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಖಾಲಿ ಕಾಗದಕ್ಕೆ ಸಹಿ ಹಾಕಿದ್ದರೆ ಇವತ್ತೇ ಲಿಖಿತ ದೂರು ಕೊಡಿ.

ಪ್ರಶ್ನೆ: ದೇಶ ಯುದ್ಧದಲ್ಲಿರುವಾಗ ಸ್ತ್ರೀವಾದ ಬೇಕಾ? ಎಲ್ಲ ಮುಗಿದ ಮೇಲೆ ಮಾತಾಡಬಹುದಲ್ವಾ?

ಉತ್ತರ: ಮುಗಿದ ಮೇಲೆ ಏನಾಗುತ್ತದೆ ಗೊತ್ತಾ? ದೇಶ ವಿಭಜನೆಯ ಗಲಭೆಯಲ್ಲಿ ಅಪಹರಣವಾದವರನ್ನು ಹುಡುಕಿ ವಾಪಸ್ ಕಳಿಸಲು 1949ರಲ್ಲಿ ಭಾರತ ಒಂದು ಕಾಯ್ದೆ ಮಾಡಿತು. ಗಂಡಾದರೆ 16 ವರ್ಷದೊಳಗಿನ ಹುಡುಗರಿಗೆ ಮಾತ್ರ ಅದು ಅನ್ವಯ. ಹೆಣ್ಣಾದರೆ ಯಾವ ವಯಸ್ಸಾದರೂ ಸರಿ. ಮೂವತ್ತರ ಹೆಂಗಸು ‘ನಾನು ಇಲ್ಲೇ ಇರುತ್ತೇನೆ, ಮಕ್ಕಳಿದ್ದಾರೆ’ ಅಂದರೂ ಕೇಳಲಿಲ್ಲ, ಪೊಲೀಸರು ಎತ್ತಿಕೊಂಡು ಹೋದರು. ಗಲಭೆ ಆಗಲೇ ನಿಂತಿತ್ತು.

ಪ್ರಶ್ನೆ: ಪಿಂಚಣಿ ನನ್ನ ಹೆಸರಿಗೇ ಬರುತ್ತದೆ. ಕಾರ್ಡ್ ಮಾವನ ಹತ್ತಿರ, ಒಟಿಪಿ ಮೈದುನನ ಫೋನಿಗೆ. ಕೇಳಿದರೆ ಮನೆ ಒಡೀತೀಯಾ ಅಂತಾರೆ. ಕೇಳಬಹುದಾ?
– 27 ವರ್ಷ, ಊರು ಬೇಡ

ಉತ್ತರ: ಕೇಳಬೇಡಿ ತಂಗಿ. ಕೇಳಿದರೆ ತಡೆಯುತ್ತಾರೆ. ನಿಮ್ಮದೇ ಹೆಸರಲ್ಲಿ ಒಂದು ಸಿಮ್ ತೆಗೆದುಕೊಳ್ಳಿ. ಆಧಾರ್, ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗಿ. ಹಳೇ ಕಾರ್ಡ್ ಬ್ಲಾಕ್ ಮಾಡಿಸಿ, ಮೊಬೈಲ್ ನಂಬರ್ ಬದಲಿಸಿ. ಎರಡೂ ಒಂದೇ ದಿನ ಆಗಬೇಕು. ಪಾಸ್‌ಬುಕ್ ಕೈಗೆ ಸಿಗದಿದ್ದರೆ ಆಧಾರ್ ಸಾಕು, ಮ್ಯಾನೇಜರ್ ಹತ್ತಿರ ನೇರವಾಗಿ ಮಾತಾಡಿ. ಮನೆಯಲ್ಲಿ ಹೇಳುವುದು ಆಮೇಲೆ. ಕೈ ಎತ್ತಿದರೆ, ಹೆದರಿಸಿದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಮತ್ತೆ ನನಗೂ ಬರೆಯಿರಿ, ಹೊಸ ನಂಬರಿನಿಂದ.